ಐದನೇ ಫಾರಂ

"ಅಕ್ಕಾ, ನಿಧಾನಕ್ಕೆ ಮಡಚಿ. ಹಾಳೆ ಹರಿದೀತು," ಎಂದಳು ಪುಸ್ತಕದ ಹೊಲಿಗೆಯವಳು.

"ಹರೀಲಿ! ಅದರಲ್ಲಿ ಅಚ್ಚಾಗಿರೋದು ನನ್ನ ಮಾನ, ನಿಂದಲ್ಲ."

ಉದ್ದಿ ಇನ್ನೊಂದು ಹಾಳೆ ಮಡಚಿ, ಉಗುರಿನಿಂದ ಗೀರಿ, ಗುಡ್ಡೆಯ ಮೇಲೆ ಬಡಿದಳು. ಶಾಲೆಯಲ್ಲಿ ಬಿದ್ದ ಆ ಅಡ್ಡಹೆಸರು ಬೈಂಡಿಂಗ್ ಕೆಲಸಕ್ಕೂ ಬೆನ್ನಟ್ಟಿ ಬಂದಿತ್ತು. ಅಲ್ಲಿ ಮಡಚುವವರಿಗೆ ಇಡೀ ಪುಸ್ತಕ ಸಿಗುವುದಿಲ್ಲ. ಹದಿನಾರು ಪುಟಕ್ಕೊಂದು ಫಾರಂ, ಒಬ್ಬೊಬ್ಬರಿಗೆ ಒಂದೊಂದು. ಈ ಕಾದಂಬರಿಯಲ್ಲಿ ಅವಳ ಪಾಲಿಗೆ ಬಂದದ್ದು ಐದನೆಯದು. ಅದರಲ್ಲಿ ಉದ್ದನೆಯ ಹುಡುಗಿಯೊಬ್ಬಳು, ಬಹುಮಾನಕ್ಕೆಂದು ಗೆಳತಿ ಗಿಡ್ಡಿ ಬರೆದ ಚಿತ್ರದ ಮೇಲೆ ಬೇಕಂತಲೇ ಶಾಯಿ ಸುರಿಯುತ್ತಾಳೆ. 'ಗಿಡ್ಡಿ ತಲೆಯೆತ್ತಿ ಅವಳನ್ನು ನೋಡಿದಳು. ನೋಡಿ' ಎನ್ನುವಲ್ಲಿಗೆ ಫಾರಂ ಮುಗಿಯುತ್ತದೆ. ಬೆಳಗಿನಿಂದ ಉದ್ದಿ ಆರುನೂರು ಸಲ ಶಾಯಿ ಸುರಿದಾಗಿತ್ತು.

ಬರೆದವಳು ಸಾಕ್ಷಾತ್ ಗಿಡ್ಡಿಯೇ. ಮೂವತ್ತೈದು ವರ್ಷ ಮುಖ ತೋರಿಸದವಳು ಇವತ್ತು ಮೂರು ಗಂಟೆಗೆ ಪುಸ್ತಕ ನೋಡಲು ಬರುವವಳಿದ್ದಳು.

"ಅವಳು ಬರೋದ್ರೊಳಗೆ ನಾನು ಮನೆಗೆ ಹೋಗ್ತೀನಿ. ಹೊಟ್ಟೆನೋವು ಅಂತ ಹೇಳು."

"ಶಾಯಿ ಸುರಿದಿದ್ದು ನಿಜಾನಾ ಅಕ್ಕಾ?"

"ನಿಜಾನೇ! ಸುಳ್ಳಾಗಿದ್ರೆ ಇಷ್ಟು ಯಾಕೆ ಉರೀತಿತ್ತು?"

ಹೊಲಿಗೆಯವಳು ನಕ್ಕಳು. ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿಯುವುದು ಅವಳ ಕೆಲಸ. ಇಡೀ ಕಥೆ ಅವಳೊಬ್ಬಳ ಕೈಯಲ್ಲಿತ್ತು. "ಎರಡನೇ ಫಾರಂನಲ್ಲಿ ಇನ್ನೊಂದು ಜೋಡಿ ಇದೆ. ಒಂದೇ ಪೆನ್ಸಿಲ್ ಹಂಚ್ಕೊಂಡು ಬರೀತಾರೆ, ಒಂದಿನಾನೂ ಜಗಳ ಇಲ್ಲ."

"ಪುಣ್ಯವಂತರು."

"ಏನು ಪುಣ್ಯ? ಹತ್ತನೇ ಫಾರಂಗೆ ಬಂದ್ರೆ ಒಬ್ಬಳ ಹೆಸರು ಇನ್ನೊಬ್ಬಳಿಗೆ ನೆನಪಿಲ್ಲ. ನೀವಿಬ್ಬರೋ, ಕೊನೇ ಪುಟದವರೆಗೂ ಕಿತ್ತಾಡ್ತೀರಿ. ತಾಳಿ, ಆರನೇದು ಕೇಳಿ." ಅವಳು ಓದಿದಳು: "'ಕಿಸಕ್ಕನೆ ನಕ್ಕಳು. ಹಿಂದಿನ ದಿನ, ಉದ್ದಿ ಬಹುಮಾನಕ್ಕೆಂದು ಬರೆದಿದ್ದ ಚಿತ್ರವನ್ನು ಬಾವಿಗೆ ಎಸೆದದ್ದು ತಾನೇ ಎಂದು ಅವಳು ಯಾರಿಗೂ ಹೇಳಿರಲಿಲ್ಲ.'"

ಉದ್ದಿಯ ಕೈ ನಿಂತಿತು.

"ಗಾಳಿಗೆ ಹಾರಿಹೋಯ್ತು ಅಂದಿದ್ದಳಲ್ಲೇ! ಕತ್ತಲಾಗೋವರೆಗೆ ಬೇಲಿ ಬೇಲಿ ಹುಡುಕಿದೀನಿ. ಆ ಕಳ್ಳಿ ನನ್ನ ಜೊತೇಲೇ ಹುಡುಕಿದಾಳೆ!"

ಹೊಲಿಗೆಯವಳು ಸೂಜಿ ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ಬೈಯಲು ಬಾಯಿ ತೆರೆದ ಉದ್ದಿಗೂ ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರಾದದ್ದು ಇಬ್ಬರಿಗೂ ತಿಳಿಯಲಿಲ್ಲ.

ಬಾಗಿಲಲ್ಲಿ ಕನ್ನಡಕದ ಗಿಡ್ಡ ಹೆಂಗಸೊಬ್ಬಳು ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

"ಹೊಟ್ಟೆನೋವು ಹೇಗಿದೆ ಅಕ್ಕಾ?" ಹೊಲಿಗೆಯವಳು ಪಿಸುಗುಟ್ಟಿದಳು.

"ಸುಮ್ನಿರೇ!" ಉದ್ದಿ ಎದ್ದು ಸೊಂಟಕ್ಕೆ ಕೈಯಿಟ್ಟಳು. "ಬಾವಿಗೆ ಹಾಕಿದ್ಯೇನೇ?"

"ಹೂಂ."

"ಯಾಕೆ?"

ಗಿಡ್ಡಿ ಚಪ್ಪಲಿಯ ತುದಿ ನೋಡಿದಳು. "ನಂದಕ್ಕಿಂತ ಚೆನ್ನಾಗಿತ್ತು ಕಣೇ."

ಉದ್ದಿ ಕಾಲಲ್ಲೇ ಒಂದು ಸ್ಟೂಲನ್ನು ಅವಳತ್ತ ತಳ್ಳಿದಳು. "ಕೂತ್ಕೋ. ಇನ್ನೂ ನಾನೂರಿದೆ, ಮಡಚು."

ಗಿಡ್ಡಿಯ ಮೊದಲ ಮಡಿಕೆಯೇ ಸೊಟ್ಟಗಾಯಿತು. ಉದ್ದಿ ಲೊಚಗುಟ್ಟುತ್ತಾ ಹಾಳೆ ಬಿಚ್ಚಿದಳು. ಆ ಪುಟ್ಟ ಕೈಯನ್ನು ತನ್ನ ಅಂಗೈಯ ಕೆಳಗಿಟ್ಟುಕೊಂಡು, ಅಂಚಿಗೆ ಅಂಚು ಕೂಡಿಸಿ ಮೆಲ್ಲಗೆ ಗೀರಿದಳು.