ಚಂದ್ರಿಯ ಕೋರ್ಸು

ಡಾಕ್ಟರು ರಿಪೋರ್ಟನ್ನು ಬೆಳಕಿಗೆ ಹಿಡಿದರು. ತಿರುಗಿಸಿ ಹಿಡಿದರು. ಕೋರ್ಟ್ ಸೀನಿನ ವಕೀಲರಂತೆ ಕನ್ನಡಕದ ಮೇಲಿಂದ ಶಾಂತಲಿಂಗಪ್ಪನನ್ನು ನೋಡಿದರು.

"ಅಜ್ಜಾರ, ಗುಳಿಗಿ ದಿನಾ ತಗೊಳ್ಳಾಕತ್ತೀರಿಲ್ರಿ?"

"ದಿನಾ ತಪ್ಪದ ನಡದಾವ್ರಿ," ಎಂದು ಶಾಂತಲಿಂಗಪ್ಪ ಫ್ಯಾನಿಗೆ ಉತ್ತರ ಕೊಟ್ಟ.

ಅವನನ್ನು ಕುರನೂರಿನಿಂದ ಸೋಲಾಪುರಕ್ಕೆ ಎಸ್‌ಟಿ ಬಸ್ಸಿನಲ್ಲಿ ಕರೆತಂದವಳು ಸೊಸೆ ಉಜ್ವಲಾ. ಕಲ್ಲು ಎಡವಿ ಆದ ಗಾಯಕ್ಕೆ ಅವನ ಕಾಲಿನ ಹೆಬ್ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಸಕ್ಕರೆ ಕಾಯಿಲೆ ಬೇರೆ. ಗುಳಿಗೆ ಬದಲಿಸಿ ಕೊಟ್ಟರೂ ಗಾಯ ಜಗ್ಗಲಿಲ್ಲ. ಮದ್ದು ಮೈಗೆ ಹತ್ತುತ್ತಿದೆಯೋ ಇಲ್ಲವೋ ಎಂದು ಡಾಕ್ಟರು ರಕ್ತವನ್ನು ಪುಣೆಯ ಲ್ಯಾಬಿಗೆ ಕಳಿಸಿ, ಅದರಲ್ಲಿ ಆ್ಯಂಟಿಬಯೋಟಿಕ್ ಎಷ್ಟಿದೆಯೆಂದು ಅಳೆಸಿದ್ದರು. ಸಿಕ್ಕಿದ್ದು ಬಾವಿಗೆ ಚಿಟಿಕೆ ಉಪ್ಪು ಹಾಕಿದಷ್ಟು.

"ಹಿಂಗೇ ಇದ್ರ ಬೆರಳು ತೆಗೀಬೇಕಾಗ್ತದ," ಎಂದರು ಡಾಕ್ಟರು.

ಉಜ್ವಲಾ ಹೌಹಾರಿದಳು. ದಿನಾ ಗುಳಿಗೆ ಬಿಡಿಸಿ ಮಾವನ ಅಂಗೈಗೆ ಇಡುತ್ತಿದ್ದವಳು ಅವಳೇ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಊರಿನ ಡೇರಿಯ ಸೋಮೇಶ. ಅವರ ಮನೆ ಎಮ್ಮೆ ಚಂದ್ರಿಯ ಹಾಲಿಗೆ ಪರೀಕ್ಷೆಯ ಪಟ್ಟಿ ಅದ್ದಿದರೆ ಆ್ಯಂಟಿಬಯೋಟಿಕ್ ತೋರಿಸುತ್ತಿದೆ, ಹಾಲು ವಾಪಸ್, ಎಮ್ಮೆಗೆ ಸೂಜಿ ಮಾಡಿಸಿದವರು ಯಾರು ಎಂದು ಕೇಳುತ್ತಿದ್ದ. ಸ್ಪೀಕರ್ ಆನ್ ಇತ್ತು.

ಹಿನ್ನೆಲೆ ಸಂಗೀತ ಒಂದೇ ಬಾಕಿ.

"ಮಾವ್ರ, ಗುಳಿಗಿ ಯಾರ ಹೊಟ್ಟ್ಯಾಗ ಹೋಗ್ಯಾವ್ರಿ?"

"ನನ್ನ ಹೊಟ್ಟಿಗೇ," ಎಂದ ಶಾಂತಲಿಂಗಪ್ಪ. ಮತ್ತೆ ಫ್ಯಾನಿನತ್ತ ನೋಡಿ ಸೇರಿಸಿದ: "ಚಂದ್ರಿ ಕಡಿಂದ."

ಆ ಕಹಿ ಗುಳಿಗೆ ಬೆಲ್ಲವಿಲ್ಲದೆ ಅವನ ಗಂಟಲಿಳಿಯದು. ಬೆಲ್ಲ ಮುಟ್ಟಬೇಡ ಎಂದವರು ಇದೇ ಡಾಕ್ಟರು. ಚಂದ್ರಿಗೆ ಅಂಥ ಪಥ್ಯವಿಲ್ಲ. ಹಾಗಾಗಿ ಜೋಳದ ರೊಟ್ಟಿಯೊಳಗೆ ಬೆಲ್ಲ, ಬೆಲ್ಲದೊಳಗೆ ಗುಳಿಗೆ, ಎಲ್ಲ ಅವಳಿಗೆ. ಸಂಜೆ ಚರಿಗೆ ತುಂಬ ಅವಳ ಹಾಲು ಇವನಿಗೆ. ಮೊಮ್ಮಗ ಮೊಲೆಗೂಸಾಗಿದ್ದಾಗ ಅವನಿಗೆ ನೆಗಡಿಯಾದರೆ ಕಷಾಯ ಕುಡಿಯುತ್ತಿದ್ದವಳು ಇದೇ ಉಜ್ವಲಾ ಅಲ್ಲವೇ? ಕೂಸಿಗೆ ಹತ್ತಿದ್ದು ಮುದುಕನಿಗೆ ಹತ್ತಬಾರದೇ?

"ರಿಪೋರ್ಟದಾಗ ಚೂರರೆ ಬಂದದಿಲ್ರಿ? ಅಂದ್ರ ರಸ್ತಾ ಬರೋಬರಿ ಅದ."

ಡಾಕ್ಟರು ಬೀಳದ ಪೆನ್ನನ್ನು ಟೇಬಲ್ ಕೆಳಗೆ ಬಹಳ ಹೊತ್ತು ಹುಡುಕಿದರು. ಎದ್ದಾಗ ಮುಖ ಬಿಗಿದಿತ್ತು. ಈ ದಾರಿಯಲ್ಲಿ ಮದ್ದು ಪೂರ್ತಿ ತಲುಪಬೇಕಾದರೆ ದಿನಕ್ಕೊಂದು ಟ್ಯಾಂಕರ್ ಹಾಲು ಕುಡಿಯಬೇಕಾದೀತು, ಬೆರಳು ಅಷ್ಟು ದಿನ ಕಾಯುವುದಿಲ್ಲ ಎಂದರು.

"ಇವತ್ತಿನಿಂದ ಡೈರೆಕ್ಟ್, ಅಜ್ಜಾರ. ನಡುವ ಏಜೆಂಟ್ ಬ್ಯಾಡ."

ಸಂಜೆ ಕೊಟ್ಟಿಗೆಯ ಕಟ್ಟೆಯ ಮೇಲೆ ಶಾಂತಲಿಂಗಪ್ಪ ಕೂತಿದ್ದ. ಎದುರಿಗೆ ಉಜ್ವಲಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಗುಳಿಗೆ ನಾಲಿಗೆಯ ಮೇಲಿಟ್ಟು ಅವನು ಕಣ್ಣು ಮುಚ್ಚಿದ. ವಿಷ ಕುಡಿಯುವ ಸೀನಿನಲ್ಲಿ ಯಾವ ಹೀರೋನೂ ಇಷ್ಟು ನಟಿಸಿರಲಾರ. ನೀರು ಕುಡಿದ. ಬಾಯಿ ತೆರೆದು ತೋರಿಸಿರೆಂದಳು. ತೋರಿಸಿದ.

ಹಿಂದಿನಿಂದ ಚಂದ್ರಿ ಹಗ್ಗ ಜಗ್ಗಿ ಕತ್ತು ಚಾಚಿದಳು. ಅವನ ಖಾಲಿ ಅಂಗೈಯನ್ನು ಒಮ್ಮೆ ನೆಕ್ಕಿ, ಇನ್ನೊಂದು ಕೈಯನ್ನು ಮೂಸಿದಳು.