ಶುಕ್ರವಾರದ ಗಿರಾಕಿ

"ನೋಡಿ ಹೇಳಕ್ಕ, ಒಂದ್ ನಿಮಿಷದ ಕೆಲ್ಸ. ಆ ಕಂಪ್ಯೂಟರ್‌ನಲ್ಲಿ ನಮ್ಮವ್ವುನ್ ಹೆಸ್ರು ಒತ್ತುದ್ರೆ ಬತ್ತದಲ್ವಾ?" ಎನ್ನುತ್ತ ಪುಟ್ಟಸ್ವಾಮಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

ಜಲಜಾ ಪರದೆಯನ್ನು ತುಸು ತನ್ನ ಕಡೆಗೆ ತಿರುಗಿಸಿಕೊಂಡಳು. ಪರದೇಶದ ಈ ಹೇವರ್ಡ್ ಊರಿನ ಬ್ಯಾಂಕ್ ಶಾಖೆಯಲ್ಲಿ ಹೊಸ ಖಾತೆಗಳ ಮೇಜು ಅವಳದು. ಒಂಬತ್ತು ವರ್ಷದ ಹಿಂದೆ, ಎಪ್ಪತ್ತೇಳರಲ್ಲಿ, ಹಣ ಕೊಟ್ಟು ತೆಗೆದುಕೊಳ್ಳುವ ಕಿಟಕಿಯಲ್ಲಿ ಟೆಲ್ಲರ್ ಆಗಿ ಸೇರಿದಾಗ ಅವಳ ಸೀರೆಯನ್ನು ನೋಡಿ ಗಿರಾಕಿಗಳು ಪಕ್ಕದ ಸಾಲಿಗೆ ಸರಿಯುತ್ತಿದ್ದರು. ಈಗ ಅವಳನ್ನೇ ಕೇಳಿಕೊಂಡು ಬರುವವರಿದ್ದಾರೆ. ಗಂಡನ ಜೊತೆಯಲ್ಲದೆ ಬ್ಯಾಂಕಿನ ಮೆಟ್ಟಿಲು ಹತ್ತದ ಎಷ್ಟೋ ಹೆಂಗಸರನ್ನು ಅವಳು ಎದುರಿಗೆ ಕೂರಿಸಿಕೊಂಡು, ಫಾರಮ್ಮನ್ನು ಸಾಲುಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದ್ದಳು. ಪುಟ್ಟಸ್ವಾಮಿಯ ತಾಯಿ ದೊಡ್ಡತಾಯಮ್ಮ ಅವರಲ್ಲೊಬ್ಬರು. ಸಹಿ ಮಾಡಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಇದು ನಂದು ಕಣವ್ವ. ಯಾರ್ಗೂ ಏಳ್ಬ್ಯಾಡ." ಜಲಜಾ ಆಗಲಿ ಎಂದಿದ್ದಳು.

"ಯಾರ ಅಕೌಂಟು ಇದೆ, ಯಾರದು ಇಲ್ಲ ಅನ್ನೋದನ್ನ ನಾವು ಹೇಳೋ ಹಾಗಿಲ್ಲ ಪುಟ್ಟಸ್ವಾಮಿ," ಎಂದಳು. ಇಂಗ್ಲಿಷಿನಲ್ಲಿ ದಿನಕ್ಕೆರಡು ಸಲ ಸಲೀಸಾಗಿ ಆಡುವ ಮಾತು. ಕನ್ನಡದಲ್ಲಿ ಅದು ಮುಖದ ಮೇಲೆ ಬಾಗಿಲು ಹಾಕಿದ ಹಾಗೆ ಕೇಳಿಸಿತು.

"ಹೇಳೋ ಹಂಗಿಲ್ವಾ? ಶನಿವಾರ ಆ ಕುಂಕುಮದ್ ಮನೇಲಿ ನಮ್ಮವ್ವುನ್ನ ಎಲ್ಲಾರ್ ಮುಂದೆ ಕೇಳ್ದೋರು ಯಾರು? 'ಈ ಶುಕ್ರವಾರ ಬರ್ಲೇ ಇಲ್ವಲ್ಲಮ್ಮ' ಅಂತ. ಬ್ಯಾಂಕಿಗಲ್ದೆ ಇನ್ನೆಲ್ಲಿಗ್ ಬರ್ತಿತ್ತು ನಮ್ಮವ್ವ, ನಿಮ್ ಜತೆ ಸಿನ್ಮಾಕ್ಕಾ?"

ಜಲಜಾಳಿಗೆ ಕಿವಿ ಬಿಸಿಯಾಯಿತು. ಅರಿಶಿನ ಕುಂಕುಮಕ್ಕೆ ಹೋದ ಮನೆ. ಸೋಫಾದ ತುದಿಯಲ್ಲಿ ದೊಡ್ಡತಾಯಮ್ಮ ಕೋಸಂಬರಿಯ ತಟ್ಟೆ ಹಿಡಿದು ಕೂತಿದ್ದರು. ಹಿರಿಯರು ಎದುರಾದಾಗ ಯಾಕೆ ಕಾಣಲಿಲ್ಲ ಎಂದು ವಿಚಾರಿಸದೆ ಮುಂದೆ ಹೋಗುವುದು ಜಲಜಾಳಿಗೆ ಬಾರದ ವಿದ್ಯೆ. ಗಿರಾಕಿಗಳು ಹೊರಗೆ ಸಿಕ್ಕರೆ ಅವರಾಗಿ ಮಾತಾಡಿಸುವ ತನಕ ಸುಮ್ಮನಿರಿ ಎಂದು ಹೊಸ ಹುಡುಗಿಯರಿಗೆ ಕಲಿಸುತ್ತಿದ್ದವಳೂ ಅವಳೇ. ಮಾತು ಬಾಯಿಂದ ಜಾರಿದ ಕೂಡಲೇ ಮುದುಕಿಯ ಚಮಚ ತಟ್ಟೆಯಲ್ಲಿ ನಿಂತಿತ್ತು. ಮಗ ಪಕ್ಕದಲ್ಲೇ ಇದ್ದ.

"ನಾನೇನ್ ಕಿತ್ಕೋತೀನಾ ಅಕ್ಕ?" ಪುಟ್ಟಸ್ವಾಮಿಯ ದನಿ ತಗ್ಗಿತು. ಚಿಪ್ ಕಂಪನಿಯಲ್ಲಿ ಹತ್ತಾರು ಜನರನ್ನು ಆಳುವ ಇಂಜಿನಿಯರು, ಈಗ ಅವಳ ಪೇಪರ್ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡುತ್ತ ಕೂತಿದ್ದ. "ಅವ್ರಿವ್ರ ಮಕ್ಳುನ್ನ ನೋಡ್ಕಂಡು ದುಡ್ದದೆ, ಮಡಿಕ್ಕಳ್ಲಿ. ನಿಮ್ಗೆ ಗೊತ್ತು, ಹೆತ್ತ ಮಗಂಗೆ ಗೊತ್ತಿಲ್ಲ. ಕೇಳುದ್ರೆ ಅವ್ವ ಬಾಯೇ ಬುಡಾಕಿಲ್ಲ."

ಅವನ ನೋವು ಸುಳ್ಳಾಗಿರಲಿಲ್ಲ. ಒಂದು ಮಾತು ಹೇಳಿಬಿಟ್ಟರೆ ಅವನು ಸಮಾಧಾನವಾಗಿ ಎದ್ದು ಹೋಗುತ್ತಿದ್ದ. "ಇನ್ನೊಂದ್ಸಲ ಅಮ್ಮನ್ನೇ ಕೇಳಿ," ಎಂದಳು ಜಲಜಾ.

"ನಮ್ಮೋರು ಅಂತ ಬಂದೆ," ಎನ್ನುತ್ತ ಅವನು ಎದ್ದ. "ಯಾರೋ ಬಿಳಿಯೋರ್ ತಾವ ಬಂದಂಗಾಯ್ತು."

ಅವನ ಕಾರು ಹೋದದ್ದನ್ನು ನೋಡಿ ಅವಳು ಮ್ಯಾನೇಜರ್ ಡೊರೊತಿಯ ಕೋಣೆಗೆ ಹೋದಳು. ಗುರುವಾರ ಫಾಸ್ಟರ್ ಸಿಟಿ ಶಾಖೆಯ ಅಸಿಸ್ಟೆಂಟ್ ಮ್ಯಾನೇಜರ್ ಕೆಲಸಕ್ಕೆ ಸಂದರ್ಶನವಿತ್ತು. ಆ ಶಾಖೆ ಅವಳ ಮನೆಯಿಂದ ನಡೆದು ಹೋಗುವಷ್ಟು ದೂರ. ಸಿಕ್ಕಿದರೆ ದಿನಾ ಸೇತುವೆ ದಾಟುವ ಗೋಳು ತಪ್ಪುತ್ತಿತ್ತು. ಶಿಫಾರಸು ಪತ್ರವನ್ನು ಡೊರೊತಿಯೇ ಬರೆದಿದ್ದಳು.

ಶನಿವಾರದ ಸಂಗತಿಯನ್ನು ಜಲಜಾ ನಿಂತೇ ಹೇಳಿದಳು. ಡೊರೊತಿ ಕನ್ನಡಕ ತೆಗೆದಳು.

"ಆಕೆ ದೂರು ಕೊಟ್ಟಿದ್ದಾಳಾ?"

"ಇಲ್ಲ. ಅವರಿಗೆ ಇಂಗ್ಲಿಷ್ ಬರೋದಿಲ್ಲ."

"ಹಾಗಿದ್ದರೆ ಗುರುವಾರಕ್ಕೆ ಮೂರು ದಿನ ಇರುವಾಗ ಇದನ್ನು ನನಗೆ ಯಾಕೆ ಹೇಳುತ್ತಿದ್ದೀಯ, ಮಾರಾಯಿತಿ? ಹೇಳಿದ ಮೇಲೆ ನಾನು ಇದನ್ನು ಮೇಲಿನವರಿಗೆ ಬರೆಯಲೇಬೇಕು."

"ಅವರ ಪರವಾಗಿ ಹೇಳೋಕೆ ಇಲ್ಲಿ ಬೇರೆ ಯಾರೂ ಇಲ್ಲ," ಎಂದಳು ಜಲಜಾ.

ಡೊರೊತಿ ಪೆನ್ನಿನ ಮುಚ್ಚಳ ತೆಗೆದು ಅರ್ಧ ಪುಟ ಬರೆದಳು. ಅವಳ ಸಂದರ್ಶನವನ್ನು ಮುಂದಿನ ವರ್ಷಕ್ಕೆ ಹಾಕಿದ್ದಾರೆಂದು ಬುಧವಾರ ಫೋನು ಬಂತು. ಗುರುವಾರ ಜಲಜಾ ಎಂದಿನಂತೆ ಸೇತುವೆ ದಾಟಿ ಬಂದು, ಹೊಸದಾಗಿ ಮದುವೆಯಾದ ಇಬ್ಬರಿಗೆ ಜಂಟಿ ಖಾತೆ ತೆರೆದುಕೊಟ್ಟಳು.

ಶುಕ್ರವಾರ ಹನ್ನೊಂದಕ್ಕೆ ದೊಡ್ಡತಾಯಮ್ಮ ಬಸ್ಸಿಳಿದು ಬಂದರು. ಸೀರೆಯ ಮೇಲೆ ಸೊಸೆಯ ಸ್ವೆಟರು, ಕಾಲಿಗೆ ಮೊಮ್ಮಗನ ಬಿಳಿ ಬೂಟು. ಜಲಜಾ ಎದ್ದು ಎದುರು ಹೋದಳು.

"ತಪ್ಪಾಯ್ತಮ್ಮ. ನನ್ನ ಬಾಯಿಂದ ಬಂದ್ಬಿಡ್ತು."

"ಬಂತು. ಬಂದದ್ದ ಒಳಿಕ್ಕೆ ನೂಕಾಕಾದದಾ?" ಮುದುಕಿಯ ಮುಖದಲ್ಲಿ ಸಿಟ್ಟಿರಲಿಲ್ಲ. "ಸೋಮ್ವಾರ ಬಂದು ತಿರ್ಗ ಕೇಳ್ದ. ಅದೆ ಕನ್ಲಾ ಅಂದೆ. ಎಷ್ಟವ್ವ ಅಂದ. ನಿನ್ ಸಂಬ್ಳ ಎಷ್ಟು ಅಂತ ಯಾವತ್ತಾರ ನಂಗೇಳಿದ್ದೀಯಾ ಅಂದೆ. ಟೀವಿ ಆಕ್ಕಂಡು ಕುಂತ್ಕಂಡ."

ಜಲಜಾಳಿಗೆ ನಗು ಬಂತು. ಮನಸ್ಸು ಹಗುರವಾಗಿ, ತನ್ನ ಮೇಜಿನೆದುರಿನ ಕುರ್ಚಿಯನ್ನು ಎಳೆದಳು. "ಬನ್ನಿ, ಕೂತ್ಕೊಳ್ಳಿ."

ದೊಡ್ಡತಾಯಮ್ಮ ಕೂರಲಿಲ್ಲ. "ಇನ್ಮ್ಯಾಕೆ ನಾನು ಆ ಮಗಿ ತಾವ್ಕೇ ಓಯ್ತೀನಿ," ಎಂದು ಮೂರನೆಯ ಕಿಟಕಿಯತ್ತ ಗದ್ದ ಎತ್ತಿದರು. ಅಲ್ಲಿ ಮನಿಲಾದ ಹುಡುಗಿ ಮಾರಿಲೂ ಕೂತಿದ್ದಳು.

"ಅವ್ಳಿಗೆ ಕನ್ನಡ ಬರಲ್ಲಮ್ಮ."

"ಬರ್ದಿದ್ರೇ ಒಳ್ಳೇದು ಬುಡವ್ವ. ಅವ್ಳು ನಮ್ಮೋರ್ ಮನೆ ಕುಂಕುಮ್ಕೆ ಬರಾಕಿಲ್ವಲ್ಲ."

ಅಷ್ಟು ಹೇಳಿ ಜಲಜಾಳ ಕೆನ್ನೆ ಸವರಿ, ಸಾಲಿನ ಕೊನೆಗೆ ಹೋಗಿ ನಿಂತರು. ಮುಂದೆ ನಾಲ್ಕು ಜನರಿದ್ದರು. ಸಾಲು ಸರಿದಂತೆಲ್ಲ ಬಿಳಿ ಬೂಟುಗಳೂ ಒಂದೊಂದೇ ಹೆಜ್ಜೆ ಸರಿದವು. ಕಿಟಕಿಯ ಮುಂದೆ ಅವರು ಏನೋ ಹೇಳಿದರು. ಮಾರಿಲೂ ಏನೋ ಕೇಳಿದಳು. ಇಬ್ಬರಿಗೂ ತಿಳಿಯಲಿಲ್ಲ. ಮಾರಿಲೂ ಕತ್ತು ಚಾಚಿ ಜಲಜಾಳ ಕಡೆ ನೋಡಿದಳು. ಜಲಜಾ ಅರ್ಧ ಎದ್ದವಳು ಮತ್ತೆ ಕೂತಳು.

ದೊಡ್ಡತಾಯಮ್ಮ ಸ್ವೆಟರಿನ ತೋಳು ಹಿಂದಕ್ಕೆ ಸರಿಸಿ, ಬೆರಳು ಬಿಡಿಸಿ ಕೈ ಎತ್ತಿದರು. ಬೆರಳುಗಳೆಷ್ಟೆಂದು ಕಣ್ಣಿಗೆ ಬೀಳುವ ಮೊದಲೇ ಜಲಜಾ ಮುಖ ತಿರುಗಿಸಿ, ಗಾಜಿನಾಚೆ ಖಾಲಿ ನಿಂತಿದ್ದ ಬಸ್ಸನ್ನು ನೋಡತೊಡಗಿದಳು.