ಅರಿಸಿನ ನೀರು ಕುಡಿದ ಆಕ್ಸಿಮೀಟರ್

ನಾನು ಒಂದು ಆಕ್ಸಿಮೀಟರ್. ಬಟ್ಟೆ ಒಣಹಾಕುವ ಕ್ಲಿಪ್ಪಿಗಿಂತ ಕೊಂಚ ದಪ್ಪ, ಅಷ್ಟೆ. ಬೆರಳನ್ನು ಕಚ್ಚಿ ಹಿಡಿದರೆ ರಕ್ತದಲ್ಲಿ ಎಷ್ಟು ಆಮ್ಲಜನಕವಿದೆಯೆಂದು ಹೇಳಿಬಿಡುತ್ತೇನೆ. ನನ್ನನ್ನು ಜೋಡಿಸಿದ ಕೈಗಳು ಬಲು ಅವಸರದಲ್ಲಿದ್ದವು. ಊರೂರಿಗೂ ಕೊರೋನಾ ಹಬ್ಬಿದ್ದ ಕಾಲ ಅದು. ಮುಖ ನೋಡಿ ಮಣೆ ಹಾಕುವುದು ನನ್ನ ಜಾಯಮಾನವಲ್ಲ. ಗೌಡರ ಬೆರಳಿಗೂ ಕೂಲಿಯವನ ಬೆರಳಿಗೂ ಇದ್ದದ್ದನ್ನೇ ಹೇಳಿದೆ.

ನನ್ನ ಒಡತಿ ಆಶಾ ಕಾರ್ಯಕರ್ತೆ ನಾಗವೇಣಿ. ಚಳ್ಳಕೆರೆ ಸೀಮೆಯ ಬಿಸಿಲಲ್ಲಿ ಅವಳ ಚೀಲದೊಳಗೆ ಕೂತು ಮನೆಮನೆ ಸುತ್ತಿದೆ. ಒಂದು ಬಾಗಿಲಲ್ಲಿ ಮಾತ್ರ ಇಬ್ಬರೂ ನಿಂತುಬಿಟ್ಟೆವು. ಅದು ಮಾರಮ್ಮನ ಪೂಜೆ ಮಾಡುವ ಓಬಜ್ಜಿಯ ಮನೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಇಂಥ ಜ್ವರವೆಂದರೆ ಮಾರಮ್ಮನೇ ಮೈಗೆ ಬಂದಳೆಂದು ಅವಳ ನಂಬಿಕೆ; ಅಮ್ಮ ಬಂದ ಮನೆಯೊಳಗೆ ಹೊರಗಿನವರು ಕಾಲಿಡುವಂತಿಲ್ಲ, ಒಳಗಿನವರು ಹೊಸ್ತಿಲು ದಾಟುವಂತಿಲ್ಲ. ಒಳಗೆ ಸೊಸೆ ಯಶೋದ ಜ್ವರದಲ್ಲಿ ಏದುಸಿರು ಬಿಡುತ್ತಿದ್ದಳು.

"ಸೊಪ್ಪು ಕಟ್ಟಿದ್ದು ಒಳ್ಳೇದೇ ಆತು ಅಜ್ಜಿ, ಕಾಯ್ಲೆ ಬ್ಯಾರೇರಿಗೆ ಹರಡಲ್ಲ. ನಾನು ಒಳಕ್ಕೆ ಬರಲ್ಲ, ಇದನ್ನ ತಗಂಡೋಗಿ ಯಶೋದನ ಬೆರಳಿಗೆ ಹಾಕು" ಎಂದಳು ನಾಗವೇಣಿ.

ಅಮ್ಮ ಇರುವ ಮನೆಗೆ ಏನೇ ಬಂದರೂ ಮೊದಲು ಮಡಿಯಾಗಬೇಕು. ಓಬಜ್ಜಿ ನನ್ನನ್ನು ಅರಿಸಿನ ನೀರಿನ ಚೊಂಬಿನಲ್ಲಿ ಮುಳುಗಿಸಿಯೇಬಿಟ್ಟಳು! ನನಗೆ ಕಣ್ಣು ಕತ್ತಲಾಯಿತು. ಸಿಟ್ಟೂ ಬಂತು. ಆದರೆ ಅವಳು ಮಾಡಿದ್ದು ಸೊಸೆ ಉಳಿಯಲಿ ಎಂದೇ ಅಲ್ಲವೆ?

ನಾಗವೇಣಿ ಎದೆಗುಂದಲಿಲ್ಲ. ಹೊಸ್ತಿಲಾಚೆಯಿಂದಲೇ ನನ್ನನ್ನು ಇಸಿದುಕೊಂಡು ಸೆಲ್ಲು ಕಿತ್ತು, ಸೆರಗಿನಲ್ಲಿ ಒರೆಸಿ, ಜಗಲಿಯ ಕಾದ ಕಲ್ಲಿನ ಮೇಲೆ ಒಣಗಿಸಿದಳು. ಟೀವಿ ರಿಮೋಟಿನ ಸೆಲ್ಲು ಕೇಳಿ ಹಾಕಿದಳು. ಇವತ್ತು ಸಾಯಕೂಡದೆಂದು ನಾನೂ ಹಠ ಹಿಡಿದೆ. ದೀಪ ಹತ್ತಿತು. ಮತ್ತೆ ಒಳಗೆ ಹೋಗಿ ಯಶೋದಳ ಬೆರಳಲ್ಲಿ ಎಂಬತ್ತನಾಲ್ಕು ತೋರಿಸಿದೆ. ಓಬಜ್ಜಿ ಅದನ್ನು ಕೂಗಿ ಹೇಳಿದಳು.

"ತೊಂಬತ್ತೈದರ ಮ್ಯಾಲಿರಬೇಕು ಅಜ್ಜಿ! ಈಗ್ಲೇ ಆಸ್ಪತ್ರೆಗೆ ಹೊರಡ್ಸು."

"ನೀರು ಕುಡಿದೈತಲ್ಲೇ ಇದು. ಸುಳ್ಳು ಹೇಳ್ತಿದ್ರೆ?"

ಅನುಮಾನ ಪಟ್ಟು ಸುಮ್ಮನಿರುವ ಹೆಂಗಸಲ್ಲ ಅವಳು. ನನ್ನನ್ನು ತನ್ನ ಬೆರಳಿಗೇ ಹಾಕಿಕೊಂಡಳು: ತೊಂಬತ್ತೇಳು. ಮತ್ತೆ ಸೊಸೆಯ ಇನ್ನೊಂದು ಕೈಗೆ ಹಾಕಿದಳು: ಎಂಬತ್ತನಾಲ್ಕೇ.

"ಸುಳ್ಳಾಗಿದ್ರೆ ಇಬ್ರಿಗೂ ಸುಳ್ಳೇ ಹೇಳ್ಬೇಕಿತ್ತು" ಎಂದಳು.

ಆದರೂ ಹೊಸ್ತಿಲ ಭಯ ಬಿಡಲಿಲ್ಲ. ಅಮ್ಮ ಮುನಿದರೆ? ದೇವರ ಗೂಡಿನ ಮುಂದೆ ಕಣ್ಣುಮುಚ್ಚಿ ನಿಂತಳು. ಆಮೇಲೆ ಬಾಗಿಲ ಬೇವಿನ ಸೊಪ್ಪನ್ನು ಬಿಚ್ಚಿ ಸೊಸೆಯ ಮಡಿಲಿಗಿಟ್ಟಳು. "ಅಮ್ಮನೂ ನಿನ್ ಜತೀಗೇ ಬತ್ತಾಳೆ, ನಡಿಯವ್ವ. ನಾಗವೇಣಿ, ಆಂಬುಲೆನ್ಸ್ ಕರಿ."

ಆಸ್ಪತ್ರೆಯಲ್ಲಿ ಗುಣವಾಗಿ ಯಶೋದ ನಡೆದುಕೊಂಡೇ ಮನೆಗೆ ಮರಳಿದಳು.

ಈಗ ನನ್ನ ಹೊಟ್ಟೆಗೆ ತುಕ್ಕು ಹಿಡಿದಿದೆ, ದೀಪ ಹತ್ತುವುದಿಲ್ಲ. ನಾಗವೇಣಿಯ ಚೀಲದಲ್ಲಿ ಹೊಸಬನಿದ್ದಾನೆ. ನನ್ನನ್ನು ಓಬಜ್ಜಿ ಕೇಳಿ ಇಸಿದುಕೊಂಡು ಮಾರಮ್ಮನ ಪಕ್ಕ ಇಟ್ಟಿದ್ದಾಳೆ. ಉಸಿರು ಕಟ್ಟುತ್ತದೆಂದು ಹರಕೆ ಹೊರಲು ಯಾರಾದರೂ ಬಂದರೆ, "ಮೊದ್ಲು ನಾಗವೇಣಿ ಹತ್ರ ಬೆರಳು ತೋರಿಸ್ಕಂಡು ಬಾ, ಹರಕೆ ಆಮ್ಯಾಲೆ" ಎಂದು ಗದರುತ್ತಾಳೆ. ಮಂಗಳವಾರ ನನಗೂ ಪೂಜೆ. ನನ್ನ ಕೆಲಸ ಮುಗಿದಿಲ್ಲವೆಂದು ಆಗ ಅನಿಸುತ್ತದೆ.

ಒಣ ಅರಿಸಿನವನ್ನಷ್ಟೇ ಹಚ್ಚುತ್ತಾ ಅವಳು ನನ್ನ ಕಿವಿಯಲ್ಲಿ ಹೇಳುತ್ತಾಳೆ: "ಹೆದರಬ್ಯಾಡ ಕಣಪ್ಪ, ನೀರು ಸೋಕಿಸಲ್ಲ."